ಕೇಪರ್ ಎಂಬ ಉಪ್ಪು ಮೊಗ್ಗು: ಮರಾಠಿ ಮೊಗ್ಗೂ ಅಲ್ಲ, ಕೇಪಳವೂ ಅಲ್ಲ

"ಕೇಪರ್ ಅಂದರೆ ನಮ್ಮ ಮರಾಠಿ ಮೊಗ್ಗೇ ಅಲ್ವಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಅದರ ಹಿಂದೆಯೇ ಇನ್ನೆರಡು ಬರುತ್ತವೆ. ಸಿಗದಿದ್ದರೆ ಬದಲಿಗೆ ಏನು ಹಾಕೋದು? ನಮ್ಮ ಮಲೆನಾಡಿನಲ್ಲಿ ಈ ಗಿಡ ಬೆಳೆಯುತ್ತದಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಚುಟುಕು ಉತ್ತರ. ಕೇಪರ್ ಎಂದರೆ ಒಂದು ಮುಳ್ಳುಪೊದೆಯ ಅರಳದ ಹೂಮೊಗ್ಗು. ಅದನ್ನು ಉಪ್ಪಿನಲ್ಲೋ ವಿನೆಗರ್‌ನಲ್ಲೋ ಹಾಕಿಡುತ್ತಾರೆ. ಮಿಡಿ ಉಪ್ಪಿನಕಾಯಿ ತಿಂದು ಬೆಳೆದ ನಮಗೆ ಇದು ಹೊಸ ವಿದ್ಯೆಯೇನಲ್ಲ. ಅವರು ಮಿಡಿಯ ಜಾಗದಲ್ಲಿ ಮೊಗ್ಗು ಹಾಕಿದ್ದಾರೆ, ಅಷ್ಟೇ. ಇದನ್ನು ಮಸಾಲೆ ಸಾಮಾನು ಎಂದುಕೊಂಡರೆ ಅಡುಗೆ ಕೆಡುತ್ತದೆ. ಉಪ್ಪಿನಕಾಯಿ ಎಂದುಕೊಂಡರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಕೊಂಡು ಬಳಸುವವರಿಗೆ ಒಂದು ಬಾಟಲಿ ಕೇಪರ್, ಒಂದು ಸಣ್ಣ ಜರಡಿ, ಒಂದು ಒಣ ಬಟ್ಟೆ. ಮನೆಯಲ್ಲೇ ಬದಲಿ ಮಾಡಿಕೊಳ್ಳುವವರಿಗೆ ಹರಳುಪ್ಪು, ವಿನೆಗರ್, ಗಾಜಿನ ಬಾಟಲಿ ಮತ್ತು ಮೂರು ವಾರದ ತಾಳ್ಮೆ.

1. ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮರಾಠಿ ಮೊಗ್ಗು: ಬಿಸಿಬೇಳೆಬಾತಿನ ಪುಡಿಗೆ ಹಾಕುತ್ತೇವಲ್ಲ, ಲವಂಗದ ದೊಡ್ಡಣ್ಣನ ಹಾಗೆ ಕಾಣುವ ಕಂದು ಬಣ್ಣದ ಒಣ ಸಾಮಾನು. ಅದು ಬೂರುಗದ ಜಾತಿಯ ಮರದ್ದು. ಕೆಲವು ಪೊಟ್ಟಣಗಳ ಮೇಲೆ, ಇಂಗ್ಲಿಷ್‌ನಲ್ಲಿ ಬರೆದ ಎಷ್ಟೋ ಅಡುಗೆ ಬರಹಗಳಲ್ಲಿ, ಇದಕ್ಕೆ ಕೇಪರ್ ಎಂದೇ ಬರೆದಿರುತ್ತಾರೆ. ಅದು ತಪ್ಪು. ಎರಡೂ 'ಮೊಗ್ಗು' ಎನ್ನುವುದು ಬಿಟ್ಟರೆ ನಂಟೇ ಇಲ್ಲ. ಒಂದು ಒಣ ಮಸಾಲೆ, ಎಣ್ಣೆಯಲ್ಲಿ ಹುರಿದು ಪುಡಿ ಮಾಡುವಂಥದ್ದು. ಇನ್ನೊಂದು ಹಸಿರು, ಮೆತ್ತಗೆ, ಉಪ್ಪು ಹುಳಿ. ಪಾಸ್ತಾಕ್ಕೆ ಮರಾಠಿ ಮೊಗ್ಗು ಹಾಕಿದರೆ ಹಲ್ಲಿಗೆ ಕಡ್ಡಿ ಸಿಕ್ಕಂತಾಗುತ್ತದೆ. ಬಿಸಿಬೇಳೆಬಾತಿಗೆ ಕೇಪರ್ ಹಾಕಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಕೇಪಳ: ನಮ್ಮ ಬೇಣ, ಗುಡ್ಡಗಳಲ್ಲಿ ಕೆಂಪು ಗೊಂಚಲು ಹೂ ಬಿಡುವ ಗಿಡ. ಮಕ್ಕಳು ಹಣ್ಣು ಕಿತ್ತು ತಿನ್ನುತ್ತಾರೆ. ಹೆಸರು ಕಿವಿಗೆ ಹತ್ತಿರ ಕೇಳಿಸುತ್ತದೆ ಅಷ್ಟೇ. ಅದು ಇಕ್ಸೋರ, ಕಾಫಿಯ ಕುಟುಂಬದ್ದು.

ಕೇರ್: ಇದು ನಿಜವಾದ ನೆಂಟ. ರಾಜಸ್ಥಾನದ 'ಕೇರ್ ಸಾಂಗ್ರಿ' ಪಲ್ಯದ ಕೇರ್, ಕೇಪರ್‌ನ ಒಡಹುಟ್ಟು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕಪ್ಪಾರಿಸ್ ಡೆಸಿಡುವ, ಸಂಸ್ಕೃತದಲ್ಲಿ ಕರೀರ. ಎಲೆಯೇ ಇಲ್ಲವೇನೋ ಎನ್ನುವಂಥ ಮರುಭೂಮಿಯ ಪೊದೆ. ಅಲ್ಲಿ ಮೊಗ್ಗಿಗಿಂತ ಹಸಿರು ಕಾಯಿಗೆ ಬೆಲೆ. ಕಹಿ ಹೋಗುವಂತೆ ಉಪ್ಪುನೀರಲ್ಲೋ ಮಜ್ಜಿಗೆಯಲ್ಲೋ ನೆನೆಸಿ, ಒಣಗಿಸಿ ಇಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ 'ಕೇರು' ಎಂದರೆ ಬೇರೆಯೇ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಅದು. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. 'ಕೇರ್ ಉಪ್ಪಿನಕಾಯಿ' ಎಂದು ಎಲ್ಲೋ ಓದಿ ಕಾಡಿನಿಂದ ಕೇರುಕಾಯಿ ತರಬೇಡಿ.

ಇನ್ನು ಕೇಪರ್ ಎಂಬ ಹೆಸರೇ ಎಲ್ಲಿಂದ ಬಂತು? ಗ್ರೀಕರು ಇದನ್ನು 'ಕಪ್ಪಾರಿಸ್' ಎಂದರು. ಲ್ಯಾಟಿನ್‌ನವರು ಅದನ್ನೇ ಇಟ್ಟುಕೊಂಡರು. ಇಂಗ್ಲಿಷ್‌ಗೆ ಬಂದಾಗ ಅದು 'ಕೇಪರಿಸ್' ಆಗಿತ್ತು. ಕೊನೆಯ 'ಸ್' ಕೇಳಿ ಇದು ಬಹುವಚನ ಇರಬೇಕು ಎಂದುಕೊಂಡರು ಜನ. ಹಾಗಾದರೆ ಒಂದಕ್ಕೆ 'ಕೇಪರ್' ಅನ್ನಬೇಕಲ್ಲ? 'ಸ್' ಉದುರಿ ಹೋಯಿತು. ನಾವು ಇದರ ಉಲ್ಟಾ ಮಾಡುತ್ತೇವೆ ನೋಡಿ. 'ಚಿಪ್ಸ್' ಆಗಲೇ ಬಹುವಚನ, ಆದರೂ 'ಚಿಪ್ಸುಗಳು' ಎನ್ನುತ್ತೇವೆ. ಅವರು ಇಲ್ಲದ ಬಹುವಚನ ಕಿತ್ತರು, ನಾವು ಇರುವುದರ ಮೇಲೆ ಇನ್ನೊಂದು ಅಂಟಿಸಿದೆವು.

ಅರಬ್ಬಿಯಲ್ಲಿ ಇದು 'ಕಬರ್'. ಮುಂದೆ 'ಅಲ್' ಸೇರಿ 'ಅಲ್‌ಕಬರ್'. ಅರಬರು ಸ್ಪೇನ್ ಆಳಿದ ಕಾಲದಲ್ಲಿ ಆ ಪದ ಅಲ್ಲೇ ಉಳಿದು 'ಅಲ್ಕಪಾರ್ರ' ಆಯಿತು. ಇಟಲಿಯಲ್ಲಿ 'ಕಪ್ಪೆರೊ'. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ ಮಾತ್ರ 'ತಪೆನೊ'. ಆಲಿವ್ ಅರೆದು ಮಾಡುವ 'ತಪನಾಡ್' ಚಟ್ನಿಯ ಹೆಸರು ಹುಟ್ಟಿದ್ದು ಇದರಿಂದಲೇ. ಅದರಲ್ಲಿ ಆಲಿವ್ ಹೆಚ್ಚು, ಕೇಪರ್ ಕಡಿಮೆ, ಹೆಸರು ಮಾತ್ರ ಕೇಪರ್‌ನದ್ದು. ಹಿಂದಿಯಲ್ಲಿ 'ಕಬ್ರಾ'. ಲಡಾಖಿನಲ್ಲೂ ಅದೇ ಹೆಸರು. ಅಲ್ಲಿ ಕಾಡಾಗಿ ಬೆಳೆಯುವ ಈ ಗಿಡದ ಎಳೆ ಚಿಗುರನ್ನು ನೆನೆಸಿ ಕಹಿ ತೆಗೆದು ಪಲ್ಯ ಮಾಡುತ್ತಾರೆ.

1753ರಲ್ಲಿ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟಾಗ ಇದಕ್ಕೆ 'ಕಪ್ಪಾರಿಸ್ ಸ್ಪಿನೋಸ' ಎಂದು ಬರೆದ. ಸ್ಪಿನೋಸ ಎಂದರೆ ಮುಳ್ಳಿನದು. ಕುಪ್ಪಳಿಸು ಎಂಬ ಅರ್ಥದ ಇಂಗ್ಲಿಷ್ 'ಕೇಪರ್' ಪದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದರ ಬೇರು ಲ್ಯಾಟಿನ್‌ನಲ್ಲಿ ಮೇಕೆಗಿರುವ ಹೆಸರು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ನಿಜವೇ, ಆದರೆ ಈ ಹೆಸರನ್ನು ಮಾತ್ರ ಆಡು ಮುಟ್ಟಿಲ್ಲ.

2. ಬಾಟಲಿ ಕೊಳ್ಳುವಾಗ

ಶಿವಮೊಗ್ಗದ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಕೆಲವೊಮ್ಮೆ ಸಿಗುತ್ತದೆ, ಆಲಿವ್ ಬಾಟಲಿಗಳ ಪಕ್ಕ ಹುಡುಕಿ. ಸಾಗರ, ತೀರ್ಥಹಳ್ಳಿ ಕಡೆಯವರು ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ.

ಮೂರು ರೂಪದಲ್ಲಿ ಬರುತ್ತದೆ. ಉಪ್ಪುನೀರಿನಲ್ಲಿ ಹಾಕಿದ್ದು, ವಿನೆಗರ್‌ನಲ್ಲಿ ಹಾಕಿದ್ದು, ಒಣ ಉಪ್ಪಿನಲ್ಲಿ ಹಾಕಿದ್ದು. ನಮ್ಮಲ್ಲಿ ಮೊದಲ ಎರಡೇ ಹೆಚ್ಚು. ಒಣ ಉಪ್ಪಿನದ್ದು ಸಿಕ್ಕರೆ ಬಿಡಬೇಡಿ, ಮೊಗ್ಗಿನ ಸ್ವಂತ ಪರಿಮಳ ಅದರಲ್ಲೇ ಚೆನ್ನಾಗಿ ಉಳಿಯುವುದು. ವಿನೆಗರ್‌ನದ್ದರಲ್ಲಿ ಹುಳಿ ಎಲ್ಲವನ್ನೂ ನುಂಗಿರುತ್ತದೆ.

ಬಾಟಲಿಯ ಮೇಲೆ 'ನಾನ್‌ಪರೇಲ್' ಎಂದು ಬರೆದಿದ್ದರೆ ಅದು ಕಂಪನಿ ಹೆಸರಲ್ಲ, ಗಾತ್ರದ ಹೆಸರು. 7 ಮಿಲಿಮೀಟರಿಗಿಂತ ಸಣ್ಣ ಮೊಗ್ಗು ಎಂದರ್ಥ. 7ರಿಂದ 8 ಮಿಲಿಮೀಟರಿನದ್ದು 'ಸುರ್ಫೀನ್'. ಅದರ ಮೇಲೆ 'ಕಪುಸೀನ್', 'ಕಪೋತ್', 'ಫೀನ್', ಕೊನೆಗೆ 14 ದಾಟಿದ್ದು 'ಗ್ರೂಸ'. ಸಣ್ಣದಕ್ಕೆ ಬೆಲೆ ಜಾಸ್ತಿ. ಮಿಡಿಯಲ್ಲೂ ಹೀಗೇ ಅಲ್ವಾ? ಎಳೆಯದು ಗಟ್ಟಿಯಾಗಿ ಉಳಿಯುತ್ತದೆ, ಬಲಿತದ್ದು ಮೆತ್ತಗಾಗುತ್ತದೆ. ಆದರೆ ಹೆಚ್ಚಿ ಹಾಕುವ ಅಡುಗೆಗೆ ನಾನ್‌ಪರೇಲ್ ಕೊಳ್ಳುವುದು ದುಡ್ಡು ದಂಡ. ದೊಡ್ಡದೇ ಸಾಕು.

'ಕೇಪರ್‌ಬೆರಿ' ಎಂಬ ಬಾಟಲಿ ಕಂಡರೆ ಅದು ಮೊಗ್ಗಲ್ಲ, ಕಾಯಿ. ಉದ್ದ ತೊಟ್ಟಿರುವ ಎಳೆ ತೊಂಡೆಕಾಯಿಯ ಹಾಗೆ ಇರುತ್ತದೆ, ಒಳಗೆ ಬೀಜ. ಊಟದ ಜೊತೆ ಹಾಗೇ ಕಚ್ಚಿ ತಿನ್ನಲು ಸರಿ, ಸಾಸಿಗೆ ಬೇಡ.

ಕೊಳ್ಳುವಾಗ ಒಟ್ಟು ತೂಕ ನೋಡಬೇಡಿ. ನೀರು ಬಸಿದ ಮೇಲಿನ ತೂಕವನ್ನು ಬೇರೆಯಾಗಿ ಬರೆದಿರುತ್ತಾರೆ. ಅರ್ಧ ಬಾಟಲಿ ನೀರಿಗೇ ದುಡ್ಡು ಕೊಡುತ್ತಿದ್ದೇವೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ.

ಇಷ್ಟು ದುಬಾರಿ ಯಾಕೆ ಎಂದು ಕೇಳುತ್ತೀರಿ. ಮೊಗ್ಗನ್ನು ಕೈಯಲ್ಲೇ ಬಿಡಿಸಬೇಕು, ಒಂದೊಂದಾಗಿ, ಮುಳ್ಳಿನ ನಡುವೆ. ಹೂ ಸಂಜೆ ಹೊತ್ತಿಗೆ ಅರಳಿ ಮರುದಿನ ಬೆಳಗ್ಗೆ ಬಾಡುತ್ತದೆ. ಬಿಳಿ ಎಸಳು, ನೇರಳೆ ಬಣ್ಣದ ಉದ್ದ ಕೇಸರ. ನೋಡಲು ಬಲು ಚಂದ. ಆದರೆ ಅರಳಿತೆಂದರೆ ಮೊಗ್ಗಿನ ಲೆಕ್ಕದಿಂದ ಹೋಯಿತು. ಹಾಗಾಗಿ ಬೇಸಿಗೆಯುದ್ದಕ್ಕೂ ಅದೇ ಪೊದೆಗೆ ಮತ್ತೆ ಮತ್ತೆ ಹೋಗಿ, ಬೆಳಗಿನ ತಂಪಿನಲ್ಲಿ ಕೀಳುತ್ತಾರೆ. ಇಟಲಿಯ ಪಾಂಟೆಲ್ಲೆರಿಯ ಎಂಬ ದ್ವೀಪದ ಕೇಪರ್‌ಗೆ 1996ರಲ್ಲೇ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಅಪ್ಪೆಮಿಡಿಗೆ ಸಿಕ್ಕಿದೆಯಲ್ಲ, ಅಂಥದ್ದೇ.

3. ಉಪ್ಪು ಬಿಡಿಸುವುದು

ಜನ ಅತಿ ಹೆಚ್ಚು ತಪ್ಪು ಮಾಡುವುದು ಇಲ್ಲೇ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುತ್ತಾರೆ. ಆಮೇಲೆ ಅಡುಗೆ ಉಪ್ಪು ಉಪ್ಪು ಎಂದು ಕೇಪರ್‌ಗೆ ಬೈಯುತ್ತಾರೆ.

ಉಪ್ಪುನೀರಿನದ್ದು ಅಥವಾ ವಿನೆಗರ್‌ನದ್ದಾದರೆ ಬೇಕಾದಷ್ಟನ್ನು ಜರಡಿಗೆ ಹಾಕಿ ನಲ್ಲಿ ನೀರಲ್ಲಿ ಒಮ್ಮೆ ತೊಳೆಯಿರಿ. ಸಾಕು. ಒಣ ಉಪ್ಪಿನದ್ದಾದರೆ ಮೇಲಿನ ಉಪ್ಪು ಉದುರಿಸಿ, 20ರಿಂದ 30 ನಿಮಿಷ ನೀರಲ್ಲಿ ನೆನೆಸಿ, ನಡುವೆ ಒಂದು ಸಲ ನೀರು ಬದಲಾಯಿಸಿ. ಆಮೇಲೆ ಒಂದು ಬಾಯಿಗೆ ಹಾಕಿ ನೋಡಿ. ಇನ್ನೂ ಮುಖ ಕಿವಿಚುವಷ್ಟು ಉಪ್ಪಿದ್ದರೆ ಮತ್ತೆ ಹತ್ತು ನಿಮಿಷ. ರಾತ್ರಿಯಿಡೀ ನೆನೆಸಬೇಡಿ, ಸಪ್ಪೆ ಹುಲ್ಲಾಗುತ್ತದೆ.

ತೊಳೆದ ಮೇಲೂ ಉಪ್ಪು ಉಳಿದೇ ಇರುತ್ತದೆ. ಬಾಟಲಿಯ ಕೇಪರ್‌ನಲ್ಲಿ 100 ಗ್ರಾಂಗೆ 2 ಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ. ಬಿಪಿ ಇರುವವರ ಮನೆಯಲ್ಲಿ ಲೆಕ್ಕ ಇಟ್ಟು ಹಾಕಿ. ಕೇಪರ್ ಹಾಕುವ ಅಡುಗೆಗೆ ಬೇರೆ ಉಪ್ಪನ್ನು ಕೊನೆಯಲ್ಲಿ, ರುಚಿ ನೋಡಿಯೇ ಹಾಕಬೇಕು.

ಮೊಗ್ಗಿನ ಮೇಲೆ ಸಣ್ಣ ಬಿಳಿ ಚುಕ್ಕೆ ಕಂಡು ಬೂಷ್ಟು ಎಂದು ಎಸೆದವರಿದ್ದಾರೆ. ಮೊಗ್ಗಿಗೇ ಅಂಟಿಕೊಂಡ ಗಟ್ಟಿ ಚುಕ್ಕೆಯಾದರೆ ಅದು ರೂಟಿನ್, ಗಿಡದಲ್ಲೇ ಇರುವ ವಸ್ತು. ಏನೂ ತೊಂದರೆ ಇಲ್ಲ. ನೀರಿನ ಮೇಲೆ ತೇಲುವ ಪದರ, ಹತ್ತಿಯಂಥ ಎಳೆ, ಕೆಟ್ಟ ವಾಸನೆ ಇದ್ದರೆ ಮಾತ್ರ ಎಸೆಯಿರಿ.

4. ಅಡುಗೆಗೆ ಹಾಕುವುದು

ನಾಲ್ಕು ಜನರ ಅಡುಗೆಗೆ ಒಂದರಿಂದ ಎರಡು ಚಮಚ. ಒಲೆ ಆರಿಸುವ ಎರಡು ನಿಮಿಷ ಮುಂಚೆ ಹಾಕಿ. ಮೊದಲೇ ಹಾಕಿ ಕುದಿಸಿದರೆ ಪರಿಮಳ ಆವಿಯಾಗಿ ಹೋಗುತ್ತದೆ, ಕಹಿ ಉಳಿಯುತ್ತದೆ.

ಆ ಪರಿಮಳ ಏನು ಎಂದು ತಿಳಿದರೆ ಯಾವುದಕ್ಕೆ ಹೊಂದುತ್ತದೆ ಎಂದೂ ತಿಳಿಯುತ್ತದೆ. ಕೇಪರ್‌ನ ಮೂಗಿಗೆ ಏರುವ ಖಾರ, ಸಾಸಿವೆ ಅರೆದಾಗ ಬರುವ ಖಾರದ ಜಾತಿಯದ್ದೇ. ಈ ಗಿಡಗಳಲ್ಲಿ ಗ್ಲೂಕೋಸಿನೊಲೇಟ್ ಎಂಬ ವಸ್ತು ಇರುತ್ತದೆ. ಗಿಡದ ಅಂಗಾಂಶ ಜಜ್ಜಿದಾಗ ಅದು ಒಡೆದು ಖಾರದ ಎಣ್ಣೆಯಾಗುತ್ತದೆ. ಸಸ್ಯಶಾಸ್ತ್ರದವರು ಸಾಸಿವೆ, ಕೇಪರ್, ನುಗ್ಗೆ, ಪಪ್ಪಾಯಿ ಎಲ್ಲವನ್ನೂ ಒಂದೇ ದೊಡ್ಡ ಮನೆತನಕ್ಕೆ ಸೇರಿಸಿರುವುದಕ್ಕೂ ಇದಕ್ಕೂ ನಂಟಿದೆ. ಪಪ್ಪಾಯಿ ಬೀಜ ಒಂದನ್ನು ಅಗಿದು ನೋಡಿ, ಅದೇ ಖಾರ ಗೊತ್ತಾಗುತ್ತದೆ. ನಮ್ಮ ಗದ್ದೆ ಬದಿಯ ನಾಯಿಸಾಸಿವೆಯೂ ಈ ಮನೆತನದ್ದೇ. ಹಾಗಾಗಿ ಸಾಸಿವೆ ಹೊಂದುವ ಕಡೆ ಕೇಪರ್ ಕೂಡ ಹೊಂದುತ್ತದೆ. ಬೆಣ್ಣೆ, ಮೊಸರು, ಆಲೂಗಡ್ಡೆ, ಮೀನು, ಟೊಮೆಟೊ. ತೆಂಗಿನಕಾಯಿ ಹಾಲು, ಬೆಲ್ಲದ ಜೊತೆ ನನಗಂತೂ ಒಗ್ಗಲಿಲ್ಲ.

ಮೊದಲ ಸಲ ಮಾಡುವವರು ಇದನ್ನು ಮಾಡಿ. ಎರಡು ಚಮಚ ಕೇಪರ್ ತೊಳೆದು ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ. ನೀರು ಉಳಿದರೆ ಎಣ್ಣೆ ಸಿಡಿದು ಕೈ ಸುಡುತ್ತದೆ, ಇದು ಸುಮ್ನೆ ಹೇಳುವ ಮಾತಲ್ಲ. ಮೂರು ಚಮಚ ಬೆಣ್ಣೆ ಕಾಯಿಸಿ. ನೊರೆ ಇಳಿದು ಘಮ್ ಎನ್ನುವಾಗ ಕೇಪರ್ ಹಾಕಿ. ಅರ್ಧ ನಿಮಿಷದಲ್ಲಿ ಮೊಗ್ಗುಗಳು ಸಣ್ಣ ಹೂವಿನಂತೆ ಬಿರಿಯುತ್ತವೆ. ಒಲೆ ಆರಿಸಿ ಅರ್ಧ ನಿಂಬೆಹಣ್ಣು ಹಿಂಡಿ. ಇದನ್ನು ಹುರಿದ ಮೀನಿನ ಮೇಲೆ ಸುರಿಯಿರಿ. ಮೀನು ತಿನ್ನದವರು ರವೆ ಹಚ್ಚಿ ಹುರಿದ ಬಾಳೆಕಾಯಿಯ ಮೇಲೆ. ಬಾಳೆಕಾಯಿಯದ್ದೇ ಹೆಚ್ಚು ರುಚಿ ಎನ್ನುವುದು ನನ್ನ ಮತ. ಜಗಳಕ್ಕೆ ಬರಬೇಡಿ.

ಬಿಸಿ ಅಕ್ಕಿರೊಟ್ಟಿಗೆ ಹಚ್ಚುವ ಬೆಣ್ಣೆಗೆ ಒಂದು ಚಮಚ ಕೇಪರ್ ಸಣ್ಣಗೆ ಹೆಚ್ಚಿ ಕಲಸಿ ನೋಡಿ. ಬೇಯಿಸಿದ ಆಲೂಗಡ್ಡೆಗೆ ಮೊಸರು, ಈರುಳ್ಳಿ, ಕೇಪರ್ ಸೇರಿಸಿದರೆ ಹತ್ತು ನಿಮಿಷದಲ್ಲಿ ಒಂದು ಮೊಸರುಬಜ್ಜಿ.

ಪಾಸ್ತಾಕ್ಕೆ ಹಾಕುವ ಇಟಲಿಯ ಪುತ್ತನೆಸ್ಕ ಸಾಸಿನಲ್ಲಿ ಟೊಮೆಟೊ, ಬೆಳ್ಳುಳ್ಳಿ, ಆಲಿವ್, ಕೇಪರ್ ಇರುತ್ತದೆ. ಜೊತೆಗೆ ಆಂಚೊವಿ ಎಂಬ ಉಪ್ಪು ಮೀನೂ ಸಾಮಾನ್ಯವಾಗಿ ಇರುತ್ತದೆ. ಸಸ್ಯಾಹಾರಿಗಳು ಹೋಟೆಲಿನಲ್ಲಿ ಕೇಳಿಯೇ ತರಿಸಿ, ತಟ್ಟೆ ನೋಡಿದರೆ ಗೊತ್ತಾಗುವುದಿಲ್ಲ.

5. ಕೇಪರ್ ಸಿಗದಿದ್ದರೆ

ಆಲಿವ್ ಹೆಚ್ಚಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಉಪ್ಪು ಸಿಗುತ್ತದೆ, ಖಾರ ಸಿಗುವುದಿಲ್ಲ. ನಮ್ಮಲ್ಲೇ ಅದಕ್ಕಿಂತ ಒಳ್ಳೆಯದಿದೆ.

ಬೆಣ್ಣೆ ಸಾಸಿಗೆ ಉಪ್ಪು ಲಿಂಬೆರಸದಲ್ಲಿ ಹಾಕಿಟ್ಟ ಹಸಿ ಕಾಳುಮೆಣಸು. ಇದಕ್ಕಿಂತ ಹತ್ತಿರದ ಬದಲಿ ನಾನು ಕಂಡಿಲ್ಲ. ಕಾಳು ಗಟ್ಟಿಯಾಗುವ ಮೊದಲು, ಉಗುರಿನಿಂದ ಒತ್ತಿದರೆ ಒಡೆಯುವಾಗಲೇ ಗೊಂಚಲು ಕೊಯ್ಯಿರಿ. ತೊಳೆದು ನೆರಳಲ್ಲಿ ನೀರು ಆರಿಸಿ. ಕಾಲು ಕಿಲೋ ಮೆಣಸಿಗೆ 60 ಗ್ರಾಂ ಪುಡಿ ಮಾಡಿದ ಹರಳುಪ್ಪು, ಮುಳುಗುವಷ್ಟು ಲಿಂಬೆರಸ. ಮೇಲೆ ತೇಲಿದ ಕಾಳು ಕಪ್ಪಾಗುತ್ತದೆ, ಆದ್ದರಿಂದ ದಿನಾ ಅಲುಗಾಡಿಸಿ ಅಥವಾ ಒಂದು ಸಣ್ಣ ಬಟ್ಟಲು ಹೇರಿಡಿ. ಹದಿನೈದು ದಿನಕ್ಕೆ ತಯಾರು. ಕೇಪರ್‌ನ ಅರ್ಧದಷ್ಟೇ ಹಾಕಿ, ಇದರ ಖಾರ ಹೆಚ್ಚು.

ಟೊಮೆಟೊ ಸಾಸು, ಆಲೂಗಡ್ಡೆಗೆ ಉಪ್ಪಿನಲ್ಲಿಟ್ಟ ಮಿಡಿ. ಮಸಾಲೆ ಬೆರೆಸುವ ಮುಂಚೆಯೇ ಎರಡು ತೆಗೆದಿಟ್ಟುಕೊಳ್ಳಿ. ಓಟೆ ಬಿಟ್ಟು ಸಣ್ಣಗೆ ಹೆಚ್ಚಿ. ಮಸಾಲೆ ಬೆರೆತ ಉಪ್ಪಿನಕಾಯಿ ಹಾಕಿದರೆ ಅದು ಪಾಸ್ತಾ ಅಲ್ಲ, ಚಿತ್ರಾನ್ನದ ತಮ್ಮ.

6. ಮನೆಯಲ್ಲೇ 'ಬಡವರ ಕೇಪರ್'

ಯುರೋಪಿನಲ್ಲಿ ಕೇಪರ್ ಕೊಳ್ಳಲಾಗದವರು ನಸ್ಟರ್ಷಿಯಂ ಗಿಡದ ಹಸಿ ಕಾಯಿಯನ್ನು ಹೀಗೇ ಹಾಕಿಡುತ್ತಿದ್ದರು. ಬಡವರ ಕೇಪರ್ ಎಂದೇ ಅದಕ್ಕೆ ಹೆಸರು. ತಾವರೆ ಎಲೆಯ ಪುಟ್ಟ ರೂಪದಂಥ ದುಂಡು ಎಲೆ, ಕಿತ್ತಳೆ ಹಳದಿ ಹೂ ಬಿಡುವ ಬಳ್ಳಿ. ಮೂಲ ಊರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಇದೂ ಆ ಸಾಸಿವೆ ಮನೆತನದ್ದೇ, ರುಚಿ ಹೊಂದುವುದು ಅದಕ್ಕೇ. ನಸ್ಟರ್ಷಿಯಂ ಎಂಬ ಲ್ಯಾಟಿನ್ ಪದದ ಅರ್ಥ 'ಮೂಗು ತಿರುಚುವುದು'. ನಿಜವಾಗಿ ಅದು ಬೇರೊಂದು ಸೊಪ್ಪಿನ ಹೆಸರು, ನೀರಲ್ಲಿ ಬೆಳೆಯುವ ವಾಟರ್‌ಕ್ರೆಸ್‌ನದ್ದು. ಅದೇ ಖಾರ ಇದರಲ್ಲೂ ಇದೆ ಎಂದು ಹೆಸರನ್ನೂ ಕೊಟ್ಟುಬಿಟ್ಟರು. ಹೆಸರಿನ ವಿಷಯದಲ್ಲಿ ಈ ಮನೆತನವೇ ಹೀಗೆ.

ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ ಬೀಜ ಹಾಕಿ. ರಾತ್ರಿ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತದೆ. ಮಳೆಗಾಲದಲ್ಲಿ ಹಾಕಬೇಡಿ, ಬುಡ ಕೊಳೆಯುತ್ತದೆ. ಸಗಣಿಗೊಬ್ಬರ ಸುರಿಯಬೇಡಿ. ಕೊಬ್ಬಿದ ಗಿಡ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಬಡ ಮಣ್ಣೇ ಇದಕ್ಕೆ ಇಷ್ಟ. ಚಳಿಗಾಲದ ನಡುವೆ ಹೂ, ಅದರ ಹಿಂದೆ ಕಾಯಿ.

ಒಂದು ಮುಖ್ಯ ಎಚ್ಚರಿಕೆ: ಅಂಗಡಿಯಿಂದ ತಂದ ಬಿತ್ತನೆ ಬೀಜವನ್ನೇ ಉಪ್ಪಿಗೆ ಹಾಕಬೇಡಿ. ಅದಕ್ಕೆ ಔಷಧಿ ಸವರಿರಬಹುದು. ಗಿಡದಲ್ಲಿ ಬಿಟ್ಟ ಹಸಿ ಕಾಯಿ ಮಾತ್ರ.

ಕಾಯಿ ಮೂರು ಮೂರು ಜೊತೆಯಾಗಿ ಅಂಟಿಕೊಂಡಿರುತ್ತದೆ. ಹಸಿರಾಗಿ, ಉಗುರು ಇಳಿಯುವ ಹದದಲ್ಲಿ ಕೀಳಿ. ಬಿಳಿಚಿಕೊಂಡು ಹಳದಿಗೆ ತಿರುಗಿದ್ದು ಬೆಂಡಾಗಿರುತ್ತದೆ. ಅದನ್ನು ಮುಂದಿನ ವರ್ಷದ ಬೀಜಕ್ಕೆ ಬಿಡಿ.

ಒಂದು ಲೋಟ ಕಾಯಿಯ ಲೆಕ್ಕ ಹೇಳುತ್ತೇನೆ.

ಮೊದಲನೇ ದಿನ: ಕಾಯಿಗಳನ್ನು ಬಿಡಿಸಿ ತೊಳೆಯಿರಿ. ಅರ್ಧ ಲೀಟರ್ ನೀರು ಕುದಿಸಿ ಆರಿಸಿ, 50 ಗ್ರಾಂ ಹರಳುಪ್ಪು ಕರಗಿಸಿ. ಕಾಯಿ ಹಾಕಿ, ತೇಲದಂತೆ ಮೇಲೆ ಬಟ್ಟಲು ಹೇರಿ ಮುಚ್ಚಿಡಿ. ಅಯೋಡಿನ್ ಬೆರೆಸಿದ ಪುಡಿ ಉಪ್ಪು ಹಾಕಿದರೆ ನೀರು ಮಂಕಾಗಬಹುದು.

ಎರಡನೇ ದಿನ: ನೀರು ಚೆಲ್ಲಿ ಅಷ್ಟೇ ಪ್ರಮಾಣದ ಹೊಸ ಉಪ್ಪುನೀರು. ಮುಚ್ಚಳ ತೆಗೆದಾಗ ಒಂದು ಘಾಟು ಹೊಡೆಯುತ್ತದೆ. ಹೆದರಬೇಡಿ, ಅದು ಸಾಸಿವೆಯ ಘಾಟು, ಕೊಳೆತದ್ದಲ್ಲ. ಮನೆಯವರಿಗೆ ಮೊದಲೇ ಹೇಳಿಡಿ.

ಮೂರನೇ ದಿನ: ಬಸಿದು, ತೊಳೆದು, ಬಟ್ಟೆಯ ಮೇಲೆ ಒಂದು ಗಂಟೆ ಹರಡಿ. ಒಂದು ಲೋಟ ವಿನೆಗರ್‌ಗೆ ಒಂದು ಚಮಚ ಸಕ್ಕರೆ, ಒಂದು ದಾಲ್ಚಿನ್ನಿ ಎಲೆ, ನಾಲ್ಕು ಕಾಳುಮೆಣಸು ಹಾಕಿ ಕುದಿಸಿ. ವಿನೆಗರ್ ಶೇಕಡ 5 ಆಮ್ಲದ್ದಿರಲಿ, ಬಾಟಲಿ ಮೇಲೆ ನೋಡಿ. ನೀರು ಬೆರೆಸಿ ತೆಳ್ಳಗೆ ಮಾಡಬೇಡಿ, ಕೆಡದಂತೆ ಕಾಯುವುದೇ ಆ ಹುಳಿ. ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ಕಾಯಿ ತುಂಬಿ, ಬಿಸಿ ವಿನೆಗರ್ ಸುರಿಯಿರಿ. ಬಾಟಲಿಯೂ ಬೆಚ್ಚಗಿರಲಿ, ಇಲ್ಲದಿದ್ದರೆ ಒಡೆಯುತ್ತದೆ. ತಣಿದ ಮೇಲೆ ಮುಚ್ಚಿ ಫ್ರಿಜ್ಜಿಗೆ.

ತಗಡಿನ ಮುಚ್ಚಳ ಬೇಡ, ವಿನೆಗರ್ ಅದನ್ನು ತಿನ್ನುತ್ತದೆ. ಮೂರು ವಾರ ಮುಟ್ಟಬೇಡಿ. ಒಂದು ವಾರಕ್ಕೇ ರುಚಿ ನೋಡಿ "ಬರೀ ಖಾರ" ಎಂದು ದೂರುವವರು ಪ್ರತಿ ವರ್ಷ ಸಿಗುತ್ತಾರೆ. ಖಾರ ಇಳಿದು ಹುಳಿ ಒಳಗೆ ಹೋಗಲು ಅಷ್ಟು ದಿನ ಬೇಕು. ನಮ್ಮ ಮಳೆಗಾಲದ ಥಂಡಿಗೆ ಹೊರಗಿಟ್ಟ ಬಾಟಲಿಯ ಬಾಯಲ್ಲಿ ಬೂಷ್ಟು ಬರುವುದು ಗ್ಯಾರಂಟಿ, ಫ್ರಿಜ್ಜೇ ಸರಿ. ಒದ್ದೆ ಚಮಚ ಹಾಕಬೇಡಿ ಎಂದು ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮೊಗ್ಗು ಉಪ್ಪಿಗೆ ಹಾಕುತ್ತಾರಂತೆ ಎಂದು ಕಂಡ ಗಿಡದ ಮೊಗ್ಗೆಲ್ಲ ಹಾಕಬೇಡಿ. ಕಣಗಿಲೆ, ಎಕ್ಕ ಇವುಗಳ ಮೊಗ್ಗು ನೋಡಲು ಕೇಪರ್‌ನಂತೆ ಗುಂಡಗಿರಬಹುದು, ಅವು ವಿಷ. ಪಶ್ಚಿಮ ಘಟ್ಟದ ಕಾಡಿನಲ್ಲಿ ಕೇಪರ್‌ನ ನೆಂಟ ಗಿಡಗಳು, ಕಪ್ಪಾರಿಸ್ ಮೂನಿಯಂಥವು, ಇವೆ. ನೆಂಟ ಎಂದ ಮಾತ್ರಕ್ಕೆ ತಿನ್ನಲು ಸರಿ ಎಂದಲ್ಲ. ಅವನ್ನು ಕಾಡಿಗೇ ಬಿಡಿ.

7. ಗಿಡವನ್ನೇ ಬೆಳೆಸಬೇಕು ಎನ್ನುವವರಿಗೆ

ತೋಟದಲ್ಲಿ, ಅಡಿಕೆ ಮರದ ನೆರಳಲ್ಲಿ? ಬೇಡ. ಈ ಗಿಡ ಹುಟ್ಟಿ ಬೆಳೆದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತ, ಬಂಡೆ ಸಂದಿಯಲ್ಲಿ, ಹಳೆಯ ಕೋಟೆ ಗೋಡೆಗಳ ಬಿರುಕಿನಲ್ಲಿ. ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ನಡುವೆ ಇಂದಿಗೂ ಬೆಳೆದಿದೆ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ವರ್ಷಕ್ಕೆ 350 ಮಿಲಿಮೀಟರ್ ಮಳೆಯಾದರೂ ಸಾಕು. ನಮ್ಮ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೊತೆಗೆ ನಮ್ಮ ಮಣ್ಣು ಹುಳಿ, ಅದಕ್ಕೆ ಬೇಕಿರುವುದು ಸುಣ್ಣದ ಅಂಶದ ಮಣ್ಣು. ನಾನೂ ಒಮ್ಮೆ ಬೀಜ ತರಿಸಿ ನೆಲದಲ್ಲಿ ಹಾಕಿದ್ದೆ. ಹನ್ನೆರಡರಲ್ಲಿ ಎರಡು ಮೊಳೆತವು, ಎರಡೂ ಆಷಾಢ ದಾಟಲಿಲ್ಲ.

ಶಿಕಾರಿಪುರ, ಭದ್ರಾವತಿಯಂಥ ಮಳೆ ಕಡಿಮೆ ಇರುವ ಕಡೆ, ಮಾಡಿನ ಕೆಳಗೆ ಕುಂಡದಲ್ಲಿ ಪ್ರಯತ್ನಿಸಬಹುದು. ಬೀಜಕ್ಕೆ ಗಟ್ಟಿ ಸಿಪ್ಪೆ, ಹಾಗೇ ಹಾಕಿದರೆ ಮೊಳೆಯುವುದು ಕಡಿಮೆ. ಬೆಚ್ಚನೆ ನೀರಲ್ಲಿ ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಎರಡು ತಿಂಗಳು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ಬೀಜಕ್ಕೆ ಚಳಿಗಾಲ ಕಳೆಯಿತು ಎಂದು ನಂಬಿಸುವ ಉಪಾಯ ಇದು. ಆಮೇಲೆ ಮತ್ತೆ ಒಂದು ದಿನ ನೆನೆಸಿ, ಫೆಬ್ರವರಿಯ ಸುಮಾರಿಗೆ ಬಿತ್ತಿ. ಗಿಡ ಸಿಕ್ಕರೆ ಬೀಜಕ್ಕಿಂತ ಗಿಡವೇ ವಾಸಿ.

ಆಳದ ಕುಂಡ, ತಳದಲ್ಲಿ ದೊಡ್ಡ ತೂತು. ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಜಲ್ಲಿ ಚೂರು, ಒಂದು ಹಿಡಿ ಸುಣ್ಣಕಲ್ಲಿನ ಪುಡಿ. ದಿನಕ್ಕೆ ಕಡಿಮೆ ಎಂದರೂ ಆರು ಗಂಟೆ ಬಿಸಿಲು. ಮಣ್ಣು ಒಣಗಿದ ಮೇಲೆ ಮಾತ್ರ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಮಳೆಗೆ ಸಿಗಲೇಬಾರದು. ಹೂ ಬರುವುದು ಆ ವರ್ಷದ ಹೊಸ ರೆಂಬೆಯಲ್ಲಿ. ಆದ್ದರಿಂದ ಚಳಿಗಾಲದ ಕೊನೆಗೆ ಹಳೆ ರೆಂಬೆಗಳನ್ನು ಧೈರ್ಯವಾಗಿ ಕತ್ತರಿಸಿ. ಕೈಗೆ ಚೀಲ ಹಾಕಿಕೊಳ್ಳಿ, ಎಲೆ ಬುಡದಲ್ಲಿ ಕೊಕ್ಕೆ ಮುಳ್ಳು ಎರಡೆರಡಿರುತ್ತವೆ. ಕೀಳುವಷ್ಟು ಮೊಗ್ಗು ಬರಲು ಮೂರು ನಾಲ್ಕು ವರ್ಷ.

ಅಂತೂ ಮೊಗ್ಗು ಬಂತು ಎಂದರೆ ಹಸಿಯಾಗಿ ಬಾಯಿಗೆ ಹಾಕಬೇಡಿ, ಕಹಿ. ಮಿಡಿಗೆ ಮಾಡುವ ಹಾಗೇ ಮಾಡಿ. ಭರಣಿಯಲ್ಲಿ ಹರಳುಪ್ಪು, ಮೊಗ್ಗು, ಮತ್ತೆ ಉಪ್ಪು. ದಿನಾ ಕೈಯಾಡಿಸಿ. ಹತ್ತು ದಿನಕ್ಕೆ ಬಿಟ್ಟುಕೊಂಡ ನೀರು ಚೆಲ್ಲಿ, ಹೊಸ ಉಪ್ಪಿನಲ್ಲಿ ಇನ್ನೊಂದು ಹತ್ತು ದಿನ. ಪಾಂಟೆಲ್ಲೆರಿಯದಲ್ಲೂ ಹೀಗೇ ಎರಡು ಸುತ್ತು ಉಪ್ಪು ಹಾಕುತ್ತಾರೆ. ಒಂದೇ ಸಲ ಎಲ್ಲ ಮೊಗ್ಗು ಸಿಗುವುದಿಲ್ಲ. ಹಾಗಾಗಿ ಇವತ್ತಿನ ಹತ್ತು ಮೊಗ್ಗಿಗೆ ಒಂದು ಸಣ್ಣ ಬಾಟಲಿ, ಮುಂದಿನ ವಾರದ್ದಕ್ಕೆ ಇನ್ನೊಂದು. ಎರಡನ್ನೂ ಬೆರೆಸಿದರೆ ಹಳೆಯದು ಮೆತ್ತಗೆ, ಹೊಸದು ಕಹಿ. ಬಾಟಲಿ ಮೇಲೆ ತಾರೀಕು ಬರೆದಿಡಿ.